ಕರೆದು ಬರುವವರ ಊರಿನಲ್ಲಿ

ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡ ಗಂಡಸೊಬ್ಬ ಗದ್ದೆಯ ಅಂಚಿನ ಮೇಲೆ ನಿಂತು, ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, "ಹ್ವಾಯ್! ಎಲ್ಲಿಗ್ ಹೋಪ್ದ್?" ಎಂದು ನನ್ನತ್ತ ಕೂಗಿದಾಗ ನಾನು ಕಾಲಿಗೆ ಬುದ್ಧಿ ಹೇಳಿದೆ. ಹೆಗಲಲ್ಲಿ ಅಂಚೆಯ ಚೀಲ, ಕಾಲಲ್ಲಿ ಹೊಸ ಚಪ್ಪಲಿ, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಮಳೆ ನಿಂತು ಸ್ವಲ್ಪವೇ ಹೊತ್ತಾಗಿದ್ದ ಆ ಅಂಚಿನ ಮೇಲೆ ಓಡಿದರೆ ಏನಾಗಬೇಕೋ ಅದೇ ಆಯಿತು. ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತು ನಿಂತೆ. ಅವನು ಏದುಸಿರು ಬಿಡುತ್ತಾ ಹತ್ತಿರ ಬಂದ. ನಾನು ಕಣ್ಣು ಮುಚ್ಚಿಕೊಂಡೆ.

"ಬಿದ್ರ್ಯಾ? ಎಂತಕ್ ಓಡ್ದದ್ದ್ ಮರಾಯ್ರೆ? ಆಚಿ ಬದಿ ದಾರಿ ಇಲ್ಲೆ ಅಂದ್ ಹೇಳುಕ್ ಕರ್ದದ್ದ್" ಎಂದ. ಕತ್ತಿಯ ತುದಿಯಿಂದ ಕೆಸರು ಕೆದಕಿ ನನ್ನ ಒಂದು ಚಪ್ಪಲಿಯನ್ನು ಎತ್ತಿ, ಗದ್ದೆಯ ನೀರಿನಲ್ಲಿ ಅಲುಬಿ ಕೊಟ್ಟ. ಇನ್ನೊಂದು ಸಿಗಲಿಲ್ಲ. ಅದು ಇಂದಿಗೂ ಆ ಗದ್ದೆಯಲ್ಲೇ ಇದೆ.

ಆತ ಗೋವಿಂದಣ್ಣ. ನಾನು ಬಾಡಿಗೆಗಿದ್ದ ಮನೆಯ ಎದುರಿನ ಗದ್ದೆಬೈಲಿನ ಆಚೆ ದಡದವರು. ತೆಂಗಿನಕಾಯಿ ಕೊಯ್ಯುವ ಕೆಲಸ. ಕತ್ತಿ ಅವರ ಸೊಂಟದಲ್ಲಿ ಇಲ್ಲದ ಹೊತ್ತೆಂದರೆ ನಿದ್ದೆ ಮಾಡುವಾಗ ಮಾತ್ರ ಇರಬೇಕು. ಈ ಊರಿಗೆ ಬಂದು ನಾನು ಹೆದರಿ ಓಡಿದ ಮೊದಲ ಮನುಷ್ಯ ಅವರು. ಹೆದರಬೇಕಾದವನಿಗೆ ನಾನು ಚಹಾ ಮಾಡಿ ಕೊಟ್ಟಿದ್ದೆ. ಆ ಕಥೆಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳು, ಅದರಲ್ಲೂ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟುತ್ತಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಬರೆಯಲು ಅಂಥ ಉತ್ಸಾಹವೇನೂ ಇಲ್ಲ. ದಣಿವಾಗಿದೆ.

ನನ್ನದು ಗದಗ ಸೀಮೆಯ ಎರೆ ಹೊಲದ ಊರು. ಹತ್ತನೆಯ ತರಗತಿಯ ಅಂಕದ ಮೇಲೆ ಅಂಚೆಯಲ್ಲಿ ಕೆಲಸ ಸಿಕ್ಕಿತು. ಸಿಕ್ಕಿದ್ದು ಎಲ್ಲಿ? ಕುಂದಾಪುರ ತಾಲೂಕಿನಲ್ಲಿ, ವಂಡ್ಸೆಯಿಂದ ಇನ್ನೂ ಒಳಗೆ, ನಮ್ಮ ಮನೆಯಲ್ಲಿ ಯಾರಿಗೂ ಬಾಯಿಗೆ ಬಾರದ ಹೆಸರಿನ ಹಳ್ಳಿಯಲ್ಲಿ. ಇದೇ ರೀತಿ ಬೈಂದೂರಿನ ಕಡೆಗೆ ಬಂದ ನಮ್ಮ ತಾಲೂಕಿನ ಹುಡುಗಿಯೊಬ್ಬಳು ಒಂದು ಮಳೆಗಾಲವನ್ನೂ ಮುಗಿಸದೆ ವಾಪಸು ಹೋಗಿದ್ದಳು. ಅದನ್ನು ಕೇಳಿದ ನಮ್ಮವ್ವ ನನ್ನನ್ನು ಬಸ್ಸು ಹತ್ತಿಸುವಾಗ ಹೇಳಿದ್ದು ಇಷ್ಟೇ: "ನೋಡು ರೇಣಿ, ಏನರ ಹೆಚ್ಚುಕಡಿಮಿ ಆತು ಅಂತ ನನ್ನ ಕಿವಿಗೆ ಬಿತ್ತಂದ್ರ, ಮರುದಿನಾನ ಬಂದು ಕರ್ಕೊಂಡು ಬರ್ತೀನಿ. ಆಮ್ಯಾಲ ನೌಕರಿ ಗೀಕರಿ ಅನ್ನಂಗಿಲ್ಲ." ಕರೆದುಕೊಂಡು ಹೋದರೆ ಮುಂದೆ ಏನೆಂದು ನನಗೂ ಗೊತ್ತಿತ್ತು. ಗಂಡು ನೋಡಿಟ್ಟಿದ್ದರು. ನನಗೋ ಈ ನೌಕರಿ ಬೇಕಿತ್ತು. ನನ್ನ ಹೆಸರಿನಲ್ಲಿ ನನಗೆ ಸಿಕ್ಕ ಒಂದೇ ಒಂದು ವಸ್ತು ಅದು.

ಹಾಗಾಗಿ ಇಲ್ಲಿ ನನಗೆ ಏನೇ ಆದರೂ ಅವ್ವನ ಕಿವಿಗೆ ಬೀಳುವಂತಿರಲಿಲ್ಲ. ಏನೂ ಆಗದ ಹಾಗೆ ನನ್ನನ್ನು ನಾನೇ ಕಾಯ್ದುಕೊಳ್ಳಬೇಕಿತ್ತು. ಯಾರನ್ನು ನಂಬಬೇಕು, ಯಾರ ಕಣ್ಣಿಗೆ ಬೀಳದೆ ಹೋಗಬೇಕು ಎಂಬುದು ನಮ್ಮೂರಿನಲ್ಲಾದರೆ ಕಣ್ಣುಮುಚ್ಚಿಕೊಂಡು ಹೇಳುತ್ತಿದ್ದೆ. ಇಲ್ಲಿ ಆ ವಿದ್ಯೆಯೆಲ್ಲ ನೀರಿಗೆ ಬಿತ್ತು.

ನಮ್ಮಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಒಬ್ಬರ ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯ ದೇವರ ಫೋಟೊ ಬೀಳುತ್ತದೆ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆ ಕಾಣುವುದೇ ಇಲ್ಲ. ಗದ್ದೆ ದಾಟಿ, ತೋಡು ಎನ್ನುವ ಸಣ್ಣ ಹಳ್ಳ ದಾಟಿ, ಹಲಸಿನ ಮರದ ಹಿಂದೆ ತಿರುಗಿದರೆ ಒಂದು ಮನೆ. ಅಲ್ಲಿಗೆ ಒಂದೇ ಒಂದು ಪತ್ರ ಕೊಟ್ಟು ಮತ್ತೆ ಅಷ್ಟೇ ದೂರ ನಡೆಯಬೇಕು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ, ಎಲ್ಲಿಗೆ ಹೊರಟದ್ದು, ಯಾರ ಮನೆಯಲ್ಲಿರುವುದು, ಊರು ಯಾವುದು, ಮದುವೆ ಆಯಿತಾ. ನಮ್ಮ ಕಡೆ ಪರಿಚಯವಿಲ್ಲದ ಗಂಡಸು ಇಷ್ಟು ಕೇಳಿದರೆ ಅವನ ಕೆನ್ನೆಗೆ ಬೀಳುತ್ತದೆ. ಇಲ್ಲಿ ಕೇಳದಿದ್ದರೆ ಅವರಿಗೆ ಉಂಡದ್ದು ಜೀರ್ಣವಾಗುವುದಿಲ್ಲ. ಮಾತು ಬೇರೆ ಚುಟುಕು, ವೇಗ, ಜಗಳದ ಧಾಟಿ. ಇಬ್ಬರು ಬಸ್‌ಸ್ಟಾಪಿನಲ್ಲಿ ಕಿರುಚಾಡುತ್ತಿದ್ದಾರೆಂದು ದೂರ ಸರಿದು ನಿಂತರೆ, ಅವರು ಬಂಗುಡೆ ಮೀನು ಎಲ್ಲಿ ತಾಜಾ ಸಿಗುತ್ತದೆಂದು ಮಾತಾಡುತ್ತಿದ್ದರು.

ನಾನು ಬಾಡಿಗೆಗಿದ್ದದ್ದು ಜಲಜ ಶೆಡ್ತಿಯವರ ಮನೆಯ ಹಿಂಭಾಗದಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಬಾವಿಯ ಕಡೆಗೆ ತೆರೆಯುವ ಹಿತ್ತಲ ಬಾಗಿಲು, ಅಂಗಳದ ಕಡೆಗೆ ಇನ್ನೊಂದು. ಜಲಜಕ್ಕ ಐವತ್ತು ದಾಟಿದ ಗಟ್ಟಿ ಹೆಂಗಸು. ಮನೆತುಂಬ ಜನ, ಎರಡು ಎಮ್ಮೆ, ಯಾರನ್ನೂ ಹತ್ತಿರ ಬಿಡದ ಟೈಗರ್ ಎಂಬ ನಾಯಿ. ನಾನು ಮೀನು ತಿನ್ನುವುದಿಲ್ಲವೆಂದು ಗೊತ್ತಾದ ಮೇಲೆ, ಮೀನು ಮಾಡಿದ ದಿನ ನನ್ನ ಕಡೆಯ ಕಿಟಕಿ ಮುಚ್ಚಿ ಬರುತ್ತಿದ್ದರು. ಆದರೂ ವಾಸನೆ ಬರುತ್ತಿತ್ತು, ಅದು ಬೇರೆ ಮಾತು.

ಮನೆಮನೆಗೆ ಹೋಗುವ ಕ್ರಮವನ್ನು ಕಲಿಸಿದ್ದು ಅವರೇ. ಮೊದಲ ವಾರ ನಾನು ನಮ್ಮೂರಿನ ಅಭ್ಯಾಸದಂತೆ ಸೀದಾ ಒಂದು ಮನೆಯ ಒಳಗೇ ನಡೆದು "ಅಕ್ಕಾರ, ಟಪಾಲ್" ಎಂದಿದ್ದೆ. ಒಳಗಿದ್ದ ಅಜ್ಜಿ ಹೌಹಾರಿ ಕೈಯಲ್ಲಿದ್ದ ಮೊರವನ್ನೇ ಎಸೆದರು. ಸುದ್ದಿ ನನಗಿಂತ ಮೊದಲು ಜಲಜಕ್ಕನನ್ನು ಮುಟ್ಟಿತ್ತು.

"ಹೆಣೆ, ಒಬ್ರ್ ಮನಿಗ್ ಹೋಪತಿಗೆ ದಣಪಿ ಹತ್ರ ನಿಂತ್ ಕರೀಕ್" ಎಂದರು. ದಣಪೆಯೆಂದರೆ ಅಂಗಳದ ಬಾಯಿಗೆ ಅಡ್ಡ ಹಾಕಿದ ಬಿದಿರಿನ ಗಳ. "ಒಳ್ಗ್ ಯಾರ್ ಹ್ಯಾಂಗ್ ಇರ್ತ್ರೋ ಎಂತೋ. ಮೀತಿರ್ಲಕ್, ಬಟ್ಟಿ ಬದ್ಲ್ಸ್ತಿರ್ಲಕ್. ಹ್ವಾಯ್ ಅಂದ್ ಕರ್ದ್, ಒಳ್ಗಿಂದ್ ಬನ್ನಿ ಅಂದ್ರ್ ಮೇಲೇ ದಾಟೂದ್. ಕರೀದೆ ಬಪ್ಪುದ್ ಕಳ್ರ್ ಮಾತ್ರ."

ನನಗೆ ನಗು ಬಂತು. ನಮ್ಮೂರಿನಲ್ಲಿ ಇದು ಪೂರ್ತಿ ತಿರುಗಾಮುರುಗಾ. ನಮ್ಮ ಮನೆಗೆ ಬೇಕಾದವರು ಯಾರೂ ಹೊರಗೆ ನಿಂತು ಕರೆಯುವುದಿಲ್ಲ. ಪಡಸಾಲೆಗೆ ಬಂದು, ಕೂತು, ಆಮೇಲೆ "ಏನ್ ಮಾಡಾಕತ್ತೀಬೇ" ಎನ್ನುತ್ತಾರೆ. ಹೊರಗೆ ನಿಂತು ಕರೆಯುವವರು ಪೊಲೀಸರು, ಜನಗಣತಿಯವರು, ಬೀಗತನ ಮುರಿದುಕೊಂಡವರು. ಹೊರಗಿನಿಂದ ಕೂಗು ಬಂದರೆ ಅವ್ವ ಇವತ್ತಿಗೂ ಸೆರಗು ಸರಿಮಾಡಿಕೊಂಡು ಗಾಬರಿಯಿಂದ ಏಳುತ್ತಾಳೆ. ಒಳಗೆ ಬಂದೇ ಬಿಟ್ಟವರು ನಮ್ಮವರು. ನನ್ನ ತಲೆಯೊಳಗಿನ ಲೆಕ್ಕ ಹಾಗಿತ್ತು, ಮತ್ತು ಆ ಲೆಕ್ಕವೇ ನನ್ನನ್ನು ಮುಳುಗಿಸಲಿತ್ತು.

ಆದರೂ ಕಲಿತೆ. "ಹ್ವಾಯ್, ಪೋಸ್ಟ್!" ಎಂದು ಕೂಗಲು ಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ಗಂಟಲು ಪಳಗಿತು. ಕರೆದರೆ ಒಳಗಿನಿಂದ ಓಗೊಡುತ್ತಿದ್ದರು, ಬನ್ನಿ ಎನ್ನುತ್ತಿದ್ದರು, ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಇಡುತ್ತಿದ್ದರು. ಯಾವ ಮನೆಯಲ್ಲಿ ಕುಡುಕನಿದ್ದಾನೆ, ಅವನು ಎಷ್ಟು ಬೈದರೂ ಮೆಟ್ಟಿಲಿನಿಂದ ಏಳುವುದಿಲ್ಲ ಎಂಬುದೂ ಗೊತ್ತಾಯಿತು. ಪತ್ರ ತೆಗೆದುಕೊಳ್ಳುವಾಗ ಬೇಕೆಂದೇ ಬೆರಳು ಮುಟ್ಟಿಸುವ ಮೇಷ್ಟ್ರೊಬ್ಬರಿದ್ದರು. ಅವರ ಪತ್ರಗಳನ್ನು ಜಗಲಿಯ ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ನಿಲ್ಲಲು ಕಲಿತೆ. ಇದೆಲ್ಲ ದಿನವೂ ಮಾಡಬೇಕು. ಚೀಲದ ಭಾರಕ್ಕಿಂತ ಹೆಚ್ಚು ದಣಿಸುವುದು ಇದು. ಗಂಡಸು ಪೋಸ್ಟ್‌ಮ್ಯಾನ್ ಈ ಕೆಲಸಕ್ಕೆ ತನ್ನ ತಲೆಯ ಒಂದು ಮೂಲೆಯನ್ನೂ ಖರ್ಚು ಮಾಡುವುದಿಲ್ಲ.

ಅಂಥ ದಣಿವಿನಲ್ಲಿ ಒಂದು ಮಧ್ಯಾಹ್ನ ಅಂಚೆ ಕಚೇರಿಯ ಕಿಟಕಿಯಲ್ಲಿ ಒಂದು ದನಿ ಕೇಳಿಸಿತು. "ಯಾವೂರ್ರೀ ಅಕ್ಕಾರ ನಿಮ್ದು? ಮಾತು ನಮ್ಮ ಕಡೇದ ಐತಲ್ಲ!"

ಈರಣ್ಣ. ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಆಳುಗಳ ಮೇಸ್ತ್ರಿ. ಆಳುಗಳೆಲ್ಲ ನಮ್ಮ ಸೀಮೆಯವರೇ, ಕೋರೆಯ ಪಕ್ಕದಲ್ಲೇ ಶೆಡ್ಡು. ಮಾತು ಕೇಳಿದ್ದೇ ನನಗೆ ಕಣ್ಣು ತುಂಬಿ ಬಂತು. ಎಷ್ಟು ದಿನವಾಗಿತ್ತು ಯಾರಾದರೂ "ರೀ" ಎಂದು ಎಳೆದು ಮಾತಾಡಿ! ಮರುದಿನ ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ ಬಂತು. ಶೆಡ್ಡಿನ ಹೆಂಗಸರು ಬಡಿದ ರೊಟ್ಟಿ. ಕುಚ್ಚಲಕ್ಕಿ ಗಂಜಿಯನ್ನು ನುಂಗಲಾರದೆ ಮೂರು ತಿಂಗಳಲ್ಲಿ ಸೊರಗಿದ್ದ ನಾನು ಅದನ್ನು ಕಚೇರಿಯ ಮೇಜಿನ ಕೆಳಗಿಟ್ಟುಕೊಂಡು, ಅಳುತ್ತಾ ತಿಂದೆ. ಸುಳ್ಳು ಹೇಳುವುದಿಲ್ಲ, ದೇವರೇ ಕಳಿಸಿದ ಮನುಷ್ಯ ಎನಿಸಿತು.

ಆಮೇಲೆ ಉಪಕಾರಗಳು ಒಂದರ ಹಿಂದೆ ಒಂದು ಬಂದವು. ಗ್ಯಾಸಿನ ಸಿಲಿಂಡರ್ ಹೊತ್ತು ತಂದರು. ಜೋಳದ ಹಿಟ್ಟು ತರಿಸಿದರು. ನಾನು ಪ್ರತಿ ಸಲ "ಬ್ಯಾಡ್ರಿ ಅಣ್ಣಾರ" ಅನ್ನುತ್ತಿದ್ದೆ. ಅವರು ಪ್ರತಿ ಸಲ "ಹಂಗಂದ್ರ ಹೆಂಗ್ರೀ, ನಾವೇನ್ ಬ್ಯಾರೇದವ್ರ?" ಎಂದು ನಕ್ಕು ಇಟ್ಟು ಹೋಗುತ್ತಿದ್ದರು. ನನ್ನ "ಬ್ಯಾಡ" ಒಂದು ಸಲವೂ ಅವರ ಕಿವಿಗೆ ಬೀಳಲಿಲ್ಲ. ಆಗ ನಾನು ಅದನ್ನು ಅಕ್ಕರೆ ಅಂದುಕೊಂಡೆ. ಈಗ ಯಾರಾದರೂ ಸಣ್ಣ "ಬೇಡ" ಕೇಳಿಸಿಕೊಳ್ಳಲಿಲ್ಲವೆಂದರೆ ನಾನು ಎದ್ದು ಬಾಗಿಲ ಹತ್ತಿರ ನಿಲ್ಲುತ್ತೇನೆ. ಪುಟ್ಟ ಬೇಡವನ್ನು ನುಂಗಿದವನಿಗೆ ದೊಡ್ಡ ಬೇಡ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಯೇ?

ಅವರು ಮನೆಗೂ ಬರತೊಡಗಿದರು. ಕರೆಯುತ್ತಿರಲಿಲ್ಲ. ನಾನು ಒಲೆಯ ಮುಂದಿರುವಾಗ ಹಿತ್ತಲ ಬಾಗಿಲಲ್ಲಿ ನೆರಳು ಬೀಳುತ್ತಿತ್ತು, ನೋಡಿದರೆ ಈರಣ್ಣ. ನಮ್ಮೂರಿನಲ್ಲಿ ಬೇಕಾದವರು ಬರುವುದೂ ಹಾಗೆಯೇ ತಾನೆ. ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು, ಮರುಕ್ಷಣ ನಮ್ಮ ಮನೆ ನೆನಪಾಗುತ್ತಿತ್ತು. ಚಹಾ ಮಾಡುತ್ತಿದ್ದೆ. "ಈ ಊರ ಮಂದೀನ್ನ ಭಾಳ ಹಚ್ಕೋಬ್ಯಾಡ್ರಿ ಅಕ್ಕಾರ" ಎನ್ನುತ್ತಿದ್ದರು. "ಹೊರಗ ಒಂದು, ಒಳಗ ಒಂದು. ಏನ್ ಬೇಕಾದ್ರೂ ನನಗ ಹೇಳ್ರಿ." ನಾನು ಸಂಜೆ ಜಲಜಕ್ಕನ ಜಗಲಿಗೆ ಹೋಗಿ ಕೂರುವುದು ಕಡಿಮೆಯಾಯಿತು. ಯಾರೂ ಬೇಡ ಅನ್ನಲಿಲ್ಲ, ತಾನಾಗಿಯೇ ಕಡಿಮೆಯಾಯಿತು.

ಒಂದು ದಿನ "ನಿನ್ನೆ ಸಂಜೀಕ ಯಾರ ಕೂಡ ಮಾತಾಡಾಕತ್ತಿದ್ರಿ? ಫೋನ್ ಬಿಜಿ ಬರಾಕತ್ತಿತ್ತು" ಎಂದರು. ನಗುತ್ತಲೇ ಕೇಳಿದ್ದು. ಇವರಿಗ್ಯಾಕೆ ಅದು ಎನಿಸಿತು. ಅವ್ವನ ಕೂಡ ಎಂದು ಉತ್ತರವನ್ನೂ ಕೊಟ್ಟೆ! ಯಾಕೆ ಕೊಟ್ಟೆನೋ. ಆಮೇಲೆ ನನ್ನನ್ನೇ ಬೈದುಕೊಂಡೆ: ಊರವರೆಲ್ಲರ ಮೇಲೆ ಸಂಶಯ ಪಟ್ಟಿದ್ದಾಯಿತು, ಈಗ ನಮ್ಮವರ ಮೇಲೂ ಶುರುವಾಯಿತೇ?

ಜಲಜಕ್ಕ ಕಾಯ್ದು ಕಾಯ್ದು ಒಂದು ದಿನ ಬಾವಿಕಟ್ಟೆಯಲ್ಲಿ ಬಾಯಿ ಬಿಟ್ಟರು. "ಆ ಮೇಸ್ತ್ರಿ ಎಂತಕ್ ದಣಪಿ ಬದಿಯಂಗ್ ಬತ್ತಿಲ್ಲೆ? ಯಾವಾಗ್ಳೂ ಹಿತ್ಲ್ ಬದಿಯಂಗೇ ಬತ್ತ ಅಲ್ದಾ?"

ನಾನು ಹಗ್ಗ ಎಳೆಯುತ್ತಲೇ ಇದ್ದೆ.

"ನಮ್ ಟೈಗರ್ ಅವ್ನ್ ಕಂಡ್ರ್ ಕೂಗೂದಿಲ್ಲೆ. ಮನಿ ಅಳಿಯ ಬಂದ್ರೇ ಬಿಡ್ದಿದ್ ನಾಯಿ. ಅವ್ನ್ ಎಂತಾರೂ ತಿಂಬುಕ್ ಹಾಕ್ತ ಇದ್ದ. ಮನಿಗ್ ಬಪ್ಪವ ಮೊದ್ಲ್ ನಾಯಿ ಬಾಯಿ ಕಟ್ಟಿ ಬತ್ತ ಅಂದ್ರೆ ಎಂತ ಅರ್ಥ, ನೀನೇ ಹೇಳ್."

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮ ಕಡೆ ಬೇಕಾದೋರು ಕರೆದು ಬರಂಗಿಲ್ರಿ ಜಲಜಕ್ಕ. ನಿಮಗ ನಮ್ಮ ಕಡೇವ್ರಂದ್ರ ಆಗಂಗಿಲ್ಲ" ಎಂದುಬಿಟ್ಟೆ.

ಅವರು ಕೊಡದ ಬಾಯಿ ಒರೆಸಿದರು. "ನಿಂಗ್ ಗೊತ್ತಿಪ್ಪ ಜನ ಆರೆ ಅಡ್ಡಿ ಇಲ್ಲೆ ಮಗಾ. ನಾ ಹೇಳದ್ದ್ ಬಿಡ್" ಎಂದು ಕೊಡ ಎತ್ತಿಕೊಂಡು ಹೋದರು. ನನ್ನ ಬಟ್ಟೆ ಒಣಗಿದ್ದನ್ನು ಅಂದು ಸಂಜೆಯೂ ಅವರೇ ಮಡಚಿಟ್ಟಿದ್ದರು.

ಮುಂದಿನ ಶನಿವಾರ ಈರಣ್ಣ ಕಚೇರಿಯ ಕಿಟಕಿಗೆ ಬಂದರು. "ಮನೀ ಮಂದಿ ಎಲ್ಲಾ ನಾಳೆ ಬೀಜಾಡಿಗೆ ಮದ್ವಿಗೆ ಹೊಂಟಾರಂತಲ್ಲ, ನೀವೂ ಹೋಗ್ತೀರೇನ್ರಿ?" ಎಂದು ಕೇಳಿದರು. ಇಲ್ಲ ಎಂದೆ. ಜಲಜಕ್ಕ ಕರೆದಿದ್ದರು, ಬಾವಿಕಟ್ಟೆಯ ಮಾತಿನ ಮೇಲೆ ನನಗೆ ಅವರ ಜೊತೆ ಹೋಗಲು ಮುಖವಿರಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಅಕ್ಕಂದಿರೇ, ಎಲ್ಲರೂ ಇರುತ್ತಾರೆ ಎಂದು ಹೇಳಿ. ಆ ಸುಳ್ಳಿಗೆ ಪಾಪ ಬರುವುದಿಲ್ಲ.

ಭಾನುವಾರ ಮಧ್ಯಾಹ್ನ ಉಂಡು ಪಾತ್ರೆ ತಿಕ್ಕುತ್ತಿದ್ದೆ. ಬೆಳಕು ಕಡಿಮೆಯಾಯಿತು. ತಿರುಗಿದರೆ ಅವರು ಅಡುಗೆಮನೆಯ ಒಳಗೇ ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು, ಅಷ್ಟರ ಮಟ್ಟಿಗೆ ಮರ್ಯಾದಸ್ಥರು. ಹೊರಗೆ ಟೈಗರ್ ಏನನ್ನೋ ಕಟಕಟ ಕಡಿಯುತ್ತಿತ್ತು.

"ಒಬ್ಬಾಕೀನ ಇದ್ದೀರಿ, ಬ್ಯಾಸರಾಗಿರ್ಬೇಕಂತ ಬಂದ್ನಿ."

"ಇವತ್ತ ಆರಾಮಿಲ್ರಿ ಅಣ್ಣಾರ. ನೀವು ಹೋಗ್ರಿ."

"ಆರಾಮಿಲ್ಲಂದ್ರ ಒಬ್ಬಾಕೀನ್ನ ಹೆಂಗ ಬಿಟ್ಟು ಹೋಗ್ಲಿ?" ಎನ್ನುತ್ತಾ ಕೈ ಹಿಂದೆ ಚಾಚಿ ಬಾಗಿಲು ಎಳೆದರು. ಅಗಳಿ ಬಿತ್ತು. ಮುಖದಲ್ಲಿ ಅದೇ ನಗು. ಒಂದು ಗೆರೆಯೂ ಬದಲಾಗಿರಲಿಲ್ಲ. ಗೋವಿಂದಣ್ಣ ಕೂಗಿದಾಗ ಓಡಿದ ಕಾಲುಗಳು ಈಗ ನೆಲಕ್ಕೆ ಅಂಟಿಕೊಂಡಿದ್ದವು.

ನನ್ನ ಬಾಯಿಂದ ಬಂದ ಮಾತು ಯಾರು ಹೇಳಿಸಿದರೋ ಗೊತ್ತಿಲ್ಲ. "ಹಂಗಾರ ಕೂಡ್ರಿ, ಚಾ ಮಾಡ್ತೀನಿ. ಹಾಲು ಮುಂದಿನ ಮನ್ಯಾಗ ಐತಿ, ತರ್ತೀನಿ" ಎಂದೆ. ಕೈಯಲ್ಲಿ ಲೋಟ ಹಿಡಿದುಕೊಂಡೇ ಅಂಗಳದ ಕಡೆಯ ಬಾಗಿಲಿನಿಂದ ಹೊರಗೆ ಬಂದೆ. ಓಡಲಿಲ್ಲ. ಓಡಿದರೆ ಅವರೂ ಓಡುತ್ತಾರೆ ಅನಿಸಿತು. ನಡೆದು, ಅಂಗಳ ದಾಟಿ, ದಣಪೆಯ ಗಳ ಸರಿಸಿ ಆಚೆ ನಿಂತ ಮೇಲೆ ಲೋಟ ಕೈಜಾರಿ ಬಿತ್ತು. ಎದುರಿಗೆ ಇಡೀ ಬೈಲು ಖಾಲಿ. ಎರಡೂ ಕೈ ಬಾಯಿಗೆ ಹಿಡಿದೆ. ಹೊಟ್ಟೆಯೊಳಗಿನಿಂದ ಎತ್ತಿ ಕೂಗಿದೆ.

"ಹ್ವಾಯ್!"

"ಹ್ವಾಯ್!" ಎಂದಿತು ಆಚೆ ದಡ. ಆಮೇಲೆ ತೋಡಿನ ಹತ್ತಿರದಿಂದ ಹೆಂಗಸಿನ ದನಿ, "ಯಾರದ್? ಎಂತಾಯ್ತ್?" ಇನ್ನೆಲ್ಲಿಂದಲೋ ಮರದ ಹಿಂದಿನಿಂದ ಮತ್ತೊಂದು. ನನಗೆ ಕಾಣಿಸದ ಮನೆಗಳೆಲ್ಲ ಅಲ್ಲೇ ಇದ್ದವು, ಎಲ್ಲರಿಗೂ ಕಿವಿ ಇತ್ತು. ಗೋವಿಂದಣ್ಣ ಅಂಚಿನ ಮೇಲೆ ಓಡಿ ಬರುತ್ತಿದ್ದರು, ಸೊಂಟದ ಕತ್ತಿ ಕುಣಿಯುತ್ತಿತ್ತು. ಆ ಕತ್ತಿಯನ್ನು ನೋಡಿ ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ಎಂತಾಯ್ತ್ ಪೋಸ್ಟಕ್ಕ?"

ಏನೆಂದು ಹೇಳಲಿ? ಮುಟ್ಟಿರಲಿಲ್ಲ, ಬೈದಿರಲಿಲ್ಲ. ನಮ್ಮೂರಿನಲ್ಲಾಗಿದ್ದರೆ, ಅದಕ್ಕೇನು, ಮಾತಾಡಿಸಲು ಬಂದಿರಬೇಕು ಎನ್ನುತ್ತಿದ್ದರು. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಒಳಗ ಬಂದಾನ. ಕರೀದ ಬಂದಾನ."

ಅವರಿಗೆ ಅಷ್ಟು ಸಾಕಾಯಿತು. ಮತ್ತೊಂದು ಪ್ರಶ್ನೆ ಕೇಳಲಿಲ್ಲ.

ಅಷ್ಟರಲ್ಲಿ ಈರಣ್ಣ ಅಂಗಳಕ್ಕೆ ಬಂದ. ಇನ್ನು ಇವನಿಗೆ ಬಹುವಚನ ಬೇಡ. "ನಮ್ಮ ಕಡೇವ್ರು ಇವ್ರು, ಮಾತಾಡ್ಸಿ ಹೋಗೂಣಂತ..." ಎಂದು ಅದೇ ನಗು ನಕ್ಕ.

"ಬಪ್ಪತಿಗೆ ಕರ್ದ್ಯಾ?" ಗೋವಿಂದಣ್ಣ ಕೇಳಿದರು.

"ಏನ್ರಿ?"

"ದಣಪಿ ಹತ್ರ ನಿಂತ್ ಕರ್ದ್ಯಾ ಕೇಂಡದ್ದ್."

ಅವನು ಹಿತ್ತಲ ಕಡೆ ತಿರುಗಿ ನೋಡಿದ. ಅಷ್ಟು ಹೊತ್ತಿಗೆ ಬೈಲಿನ ಎರಡು ಮೂರು ಮನೆಯವರು ಬಂದು ನಿಂತಿದ್ದರು. ಯಾರೂ ಕೈ ಎತ್ತಲಿಲ್ಲ. "ಹಂಗಾರೆ ನಡಿ" ಎಂದರು ಗೋವಿಂದಣ್ಣ. ಬರಿಗಾಲಿನಲ್ಲೇ ಹೋದ. ಅವನ ಚಪ್ಪಲಿಯನ್ನು ಸಂಜೆ ಮದುವೆಯಿಂದ ಬಂದ ಜಲಜಕ್ಕ ಕೋಲಿನ ತುದಿಯಲ್ಲಿ ಎತ್ತಿಕೊಂಡು ಹೋಗಿ ತೋಡಿನ ಆಚೆ ಎಸೆದರು.

ನಾನು ಆಗಲೇ ಹೇಳಿದ್ದೆ ಎಂಬ ಮಾತನ್ನು ಜಲಜಕ್ಕ ಅಂದೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಬೆಲ್ಲ ನೀರು ತಂದು ಮುಂದಿಟ್ಟು, ಉಟ್ಟ ರೇಷ್ಮೆ ಸೀರೆಯಲ್ಲೇ ನನ್ನ ಪಕ್ಕ ಕೂತರು. ಸ್ಟೇಷನ್ನಿಗೆ ಹೋಗೋಣ ಎಂದರು. ಬೇಡ, ಅವ್ವನಿಗೆ ಗೊತ್ತಾದರೆ ನನ್ನ ನೌಕರಿ ಹೋಯಿತು ಎಂದು ಅತ್ತೆ. "ಇವತ್ ಸುಮ್ನಿದ್ರೆ ನಾಳಿಗ್ ಅವ ಇನ್ನೊಂದ್ ಹೆಣ್ಣಿನ್ ಹಿತ್ಲಿಗ್ ಹೋತ ಅಲ್ದಾ ಮಗಾ" ಎಂದರು. ಅದಕ್ಕೆ ಎದುರಾಡಲು ಆಗಲಿಲ್ಲ. ಮರುದಿನ ಅವರ ಜೊತೆ ಕುಂದಾಪುರಕ್ಕೆ ಹೋಗಿ ಆದದ್ದನ್ನು ಆದಂತೆ ಹೇಳಿ ಬಂದೆ. ಅವನು ಅಷ್ಟರಲ್ಲಿ ಕೋರೆ ಬಿಟ್ಟು ಹೋಗಿದ್ದ. ಅವ್ವನಿಗೆ ನಾನು ಹೇಳಲಿಲ್ಲ. ಫೋನಿನಲ್ಲಿ ಮಳೆಯ ಸುದ್ದಿ ಹೇಳಿದೆ.

ಗೆದ್ದೆ ಎಂದುಕೊಂಡಿರಾ? ಕೇಳಿ. ಅಂಗಡಿಗೆ ಹೋದರೆ ಒಬ್ಬರು "ಘಟ್ಟದ್ ಮೇಲಿನವ್ರ್ ಎಲ್ಲಾ ಹಾಂಗೇ" ಎನ್ನುತ್ತಿದ್ದವರು ನನ್ನನ್ನು ಕಂಡು, "ನಿಮ್ಗ್ ಹೇಳದ್ದಲ್ಲ ಪೋಸ್ಟಕ್ಕ" ಎಂದರು. ಘಟ್ಟದ ಮೇಲಿನವಳಲ್ಲದೆ ನಾನು ಮತ್ತೇನು? ಆ ಮಾತು ಇವತ್ತಿಗೂ ಚುಚ್ಚುತ್ತದೆ. ಇತ್ತ ಕೋರೆಯ ಶೆಡ್ಡಿನ ಹೆಂಗಸರು, ಏನೂ ತಪ್ಪು ಮಾಡದವರು, ನನಗೆ ರೊಟ್ಟಿ ಬಡಿದು ಕಳಿಸಿದವರು, ನಾನು ಎದುರಾದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಹೋಗತೊಡಗಿದರು. ನನ್ನಿಂದಾಗಿ ಅವರ ಗಂಡಂದಿರನ್ನೂ ಊರು ಓರೆಗಣ್ಣಿನಿಂದ ನೋಡುತ್ತಿತ್ತು. ಅವರ ದನಿಯಲ್ಲಿ ನನ್ನ ಊರು ಕೇಳಿಸುತ್ತಿತ್ತು. ಅದೂ ಹೋಯಿತು. ನಾನು ಮತ್ತೆ ಕುಚ್ಚಲಕ್ಕಿಗೆ ಬಂದೆ. ಈಗ ಅದು ಅಭ್ಯಾಸವಾಗಿದೆ, ಉಪ್ಪಿನಕಾಯಿ ಇದ್ದರೆ ಗಂಟಲಲ್ಲಿ ಇಳಿಯುತ್ತದೆ.

ಪಂಚಮಿ ಹಬ್ಬಕ್ಕೆ ಊರಿಗೆ ಹೋದೆ. ಬಸ್ಸು ಘಟ್ಟ ಹತ್ತಿ, ಬಯಲಿಗೆ ಬಿದ್ದು, ಕಿಟಕಿಯಲ್ಲಿ ಎರೆ ಮಣ್ಣು ಕಂಡಾಗ ಎದೆಯ ಮೇಲಿನ ಕಲ್ಲು ಇಳಿಯಿತು ಅಂದುಕೊಂಡೆ. ಮರುದಿನ ನಾನು ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದೆ. ಹಿಂದಿನಿಂದ ನೆರಳು ಬಿತ್ತು.

ಏನಾಯಿತೆಂದು ನನಗೇ ತಿಳಿಯಲಿಲ್ಲ. ಬಾಗಿಲ ಕಡೆಗೆ ಹಾರಿದ್ದೆ, ಕೈಯಲ್ಲಿ ಸೌಟು ಎತ್ತಿಕೊಂಡಿದ್ದೆ, "ಹ್ವಾಯ್!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದ್ದೆ. ಬಂದವರು ಪಕ್ಕದ ಮನೆಯ ಶಿವಪ್ಪ ಕಾಕಾ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವರು. ಪಾಪ, ಬೆಚ್ಚಿಬಿದ್ದು ಗೋಡೆ ಹಿಡಿದುಕೊಂಡರು. ಆಮೇಲೆ ನಕ್ಕರು. "ಎಲಾ ಇವ್ಳ! ಇದೇನ್ ಭಾಷಾ ಕಲ್ತು ಬಂದೀಯವಾ?" ಮನೆಮಂದಿಯೆಲ್ಲ ನಕ್ಕರು. ನಾನೂ ನಕ್ಕೆ.

ಅವ್ವ ನಗಲಿಲ್ಲ. ಸೌಟು ಹಿಡಿದಿದ್ದ ನನ್ನ ಕೈಯನ್ನೇ ನೋಡುತ್ತಿದ್ದಳು. ಸೌಟನ್ನು ನಾನಿನ್ನೂ ಇಳಿಸಿರಲಿಲ್ಲ. ಕಾಕಾ ಹೋದ ಮೇಲೆ ಹತ್ತಿರ ಬಂದು, "ಅಲ್ಲೆ ಏನರ ಆಗೇತೇನ ರೇಣಿ?" ಎಂದಳು.

"ಏನಿಲ್ಲವ್ವಾ."

ಅವ್ವ ಸೌಟನ್ನು ನನ್ನ ಕೈಯಿಂದ ಬಿಡಿಸಿ ಇಟ್ಟಳು. ಇನ್ನು ಮುಗಿಯಿತು ಎಂದುಕೊಂಡೆ. ಸಂಜೆಯೊಳಗೆ ಸೋದರಮಾವನಿಗೆ ಫೋನು ಹೋಗುತ್ತದೆ, ರಾಜೀನಾಮೆ ಬರಿ ಎನ್ನುತ್ತಾರೆ. ಎರಡು ದಿನ ಅವಳ ಮುಖವನ್ನೇ ಕಾಯ್ದೆ. ಅವಳು ಏನೂ ಕೇಳಲಿಲ್ಲ. ಹೊರಡುವ ಹಿಂದಿನ ದಿನ ಅಟ್ಟದಿಂದ ದೊಡ್ಡ ಚೀಲ ಇಳಿಸಿ ಕಟಕ್ ರೊಟ್ಟಿ, ಜೋಳದ ಹಿಟ್ಟು, ಗುರೆಳ್ಳು ಚಟ್ನಿ ತುಂಬಿದಳು. ಇನ್ನೊಂದು ಗಂಟು ಬೇರೆ ಕಟ್ಟಿದಳು. "ಇದು ಆ ಮನೀ ಅಕ್ಕಗ ಕೊಡು" ಎಂದಳು. ಎಷ್ಟು ತಿಳಿದುಕೊಂಡಿದ್ದಳೋ, ಹೇಗೆ ತಿಳಿದುಕೊಂಡಳೋ, ನಾನೂ ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಅವ್ವ ನೀರಿಗೆ ಹೋಗಿದ್ದಳು. ನಾನು ಬಾಗಿಲಿಗೆ ಬೆನ್ನು ಹಾಕಿ ಹಾಸಿಗೆ ಸುತ್ತುತ್ತಿದ್ದೆ. ಹೊರಗಿನಿಂದ ದನಿ ಬಂತು.

"ರೇಣೀ, ನಾನವಾ, ಅವ್ವ. ಒಳಗ ಬರ್ಲೇನು?"

ತಿರುಗಿ ನೋಡಿದೆ. ತಾನು ಸೊಸೆಯಾಗಿ ಬಂದ ಮನೆ, ನನ್ನನ್ನು ಹೆತ್ತ ಮನೆ. ಅದರ ಹೊಸ್ತಿಲಾಚೆ, ಓಣಿಯಲ್ಲಿ, ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಅವ್ವ ನಿಂತಿದ್ದಳು. ಕೊಡದ ನೀರು ತುಳುಕಿ ಸೀರೆ ತೋಯುತ್ತಿತ್ತು. ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಬಾರವ್ವಾ" ಎಂದೆ. ನಮ್ಮ ಮನೆಗೆ ಅವ್ವನನ್ನು ನಾನು ಬಾ ಎಂದು ಕರೆದದ್ದು ಅದೇ ಮೊದಲು.